ಆಟೋಟಗಳ ಅಳತೆ: ಅಂಕಿಯನ್ನು ಎಷ್ಟು ನಂಬಬೇಕು?

ನಮ್ಮ ಸಂಘದ ವಾರ್ಷಿಕೋತ್ಸವದ ಅಂಗವಾಗಿ ಪ್ರತಿವರ್ಷ ನಡೆಯುವ ಆಟೋಟ ಸ್ಪರ್ಧೆಗಳ ದಿನ ನನ್ನ ಕೈಗೆ ಸ್ಟಾಪ್‌ವಾಚು ಬರುವುದು ವಾಡಿಕೆ. ಮೂವತ್ತು ವರ್ಷ ಈ ಮುಂಬಯಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದವನು ಎಂಬ ಕಾರಣಕ್ಕೆ ಮಿತ್ರರು ಆ ಗೌರವವನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಈ ಸಲದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ವ್ಯಾಯಾಮದ ಲಾಭಗಳನ್ನು ಕುರಿತು ನಾಲ್ಕು ಮಾತು ಬರೆದು ಮುಗಿಸಬಹುದಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಅದೇ ಸ್ಟಾಪ್‌ವಾಚನ್ನು ಹಿಡಿದು ನಾನು ಮಾಡಿದ ಒಂದು ತಪ್ಪು ಮನಸ್ಸಿನಲ್ಲಿ ಉಳಿದುಕೊಂಡಿರುವುದರಿಂದ ಅಳತೆಯ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಆ ವರ್ಷ ಹದಿನಾಲ್ಕು ವಯಸ್ಸಿನೊಳಗಿನ ಬಾಲಕಿಯರ 100 ಮೀಟರ್ ಓಟಕ್ಕೆ ಹನ್ನೆರಡು ಹೆಸರುಗಳು ಬಂದಿದ್ದುವು. ಮೈದಾನಕ್ಕೆ ಅಷ್ಟು ಅಗಲವಿಲ್ಲದ್ದರಿಂದ ಆರಾರು ಮಂದಿಯಂತೆ ಎರಡು ಹೀಟ್ಸ್ ಓಡಿಸಿ, ಹನ್ನೆರಡು ಮಂದಿಯಲ್ಲಿ ಕಡಿಮೆ ಕಾಲ ತೆಗೆದುಕೊಂಡ ಆರು ಮಂದಿಯನ್ನು ಅಂತಿಮ ಓಟಕ್ಕೆ ಆರಿಸುವುದೆಂದು ಗೊತ್ತುಮಾಡಿದೆವು. ಮೊದಲನೆಯ ಹೀಟ್ಸಿನ ಕಾಲವನ್ನು ನಾನೇ ಅಳೆದೆ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂದಿತೆಂದು ಕರೆ ಬಂದು (ಅವರು ಹೊತ್ತಿಗೆ ಸರಿಯಾಗಿ ಬಂದ ಏಕೈಕ ವರ್ಷವದು!) ವಾಚನ್ನು ಮಿತ್ರರೊಬ್ಬರ ಕೈಗೆ ಕೊಟ್ಟು ಹೋದೆ. ಎರಡನೆಯದನ್ನು ಅವರು ಅಳೆದರು. ಅದರಲ್ಲಿ ಮೂರನೆಯವಳಾಗಿ ಬಂದ ಹುಡುಗಿಯ ಕಾಲ 15.1 ಸೆಕೆಂಡು. ನಾನು ಅಳೆದ ಮೊದಲನೆಯ ಓಟದಲ್ಲಿ ನಾಲ್ಕನೆಯವಳ ಕಾಲ 14.9. ಹೀಗಾಗಿ ಮೊದಲನೆಯದರಿಂದ ನಾಲ್ವರೂ ಎರಡನೆಯದರಿಂದ ಇಬ್ಬರೂ ಅಂತಿಮ ಓಟಕ್ಕೆ ಹೋದರು. ಆ ಮೂರನೆಯ ಹುಡುಗಿ ಹಗ್ಗದ ಆಚೆ ನಿಂತು ನೋಡಿದಳು.

ಸಂಜೆ ಬಹುಮಾನ ವಿತರಣೆಯೆಲ್ಲ ಮುಗಿದು ಕಾಫಿ ಕುಡಿಯುತ್ತಿದ್ದಾಗ ಮಾತಿಗೆ ಮಾತು ಬಂದು, ವಾಚನ್ನು ಯಾವ ಗಳಿಗೆಯಲ್ಲಿ ಒತ್ತಿದಿರಿ ಎಂದು ಮಿತ್ರರನ್ನು ಕೇಳಿದೆ. ಓಟದ ಆರಂಭದಲ್ಲಿ ನಿಂತವರು ಸೀಟಿ ಊದುವುದರೊಂದಿಗೆ ಬಾವುಟವನ್ನೂ ಇಳಿಸುತ್ತಿದ್ದರು. "ಬಾವುಟ ಇಳಿದದ್ದನ್ನು ಕಂಡೊಡನೆ ಒತ್ತಿದೆ" ಎಂದರು ಅವರು. ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಶಾಮಿಯಾನದ ಕಂಬವೊಂದು ಅಡ್ಡವಾಗಿದ್ದುದರಿಂದ ನಾನು ಸೀಟಿಯ ಸದ್ದನ್ನು ಕೇಳಿ ಒತ್ತಿದ್ದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುತ್ತದೆ. ನೂರು ಮೀಟರ್ ದೂರದಿಂದ ನನ್ನ ಕಿವಿಯನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಹತ್ತನೆಯ ಮೂರು ಪಾಲು ಬೇಕು. ಅಷ್ಟು ಹೊತ್ತು ಹುಡುಗಿಯರು ಓಡುತ್ತಲೇ ಇದ್ದರು, ನನ್ನ ವಾಚು ಓಡುತ್ತಿರಲಿಲ್ಲ. ಎಂದರೆ ನಾನು 14.9 ಎಂದು ಬರೆದುದು ನಿಜವಾಗಿ 15.2. ಹಗ್ಗದ ಆಚೆ ನಿಂತವಳು ಅಂತಿಮ ಓಟದಲ್ಲಿ ಓಡಬೇಕಾದವಳು.

ಹೊಗೆ ನೋಡಿ ಒತ್ತಿ, ಸದ್ದು ಕೇಳಿ ಒತ್ತಬೇಡಿ ಎಂದು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು ನಾನೇ.

ಎಲ್ಲ ಅಂಕಿಗಳೂ ಒಂದೇ ಬಗೆಯವಲ್ಲ

ಆಟೋಟಗಳ ಸಂಶೋಧನೆ ಇಂದು ಒಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ನಾಡಿಬಡಿತ, ಓಟದ ವೇಗ, ರಕ್ತದ ಲ್ಯಾಕ್ಟಿಕ್ ಆಮ್ಲ, ಜಿಗಿತದ ಎತ್ತರ, ನಿದ್ರೆಯ ಗಂಟೆಗಳು ಮುಂತಾಗಿ ಅಳೆಯದ ವಸ್ತುವೇ ಇಲ್ಲ. ಆದರೆ ಕಾಗದದ ಮೇಲೆ ಬರೆದ ಅಂಕಿಗಳೆಲ್ಲ ನೋಡಲು ಒಂದೇ ತೆರನಾಗಿದ್ದರೂ ಅವುಗಳ ಒಳಗುಣ ಬೇರೆ ಬೇರೆ. ಈ ಮಾತನ್ನು ಸ್ಪಷ್ಟವಾಗಿ ವಿಂಗಡಿಸಿ ಹೇಳಿದವನು ಸ್ಟೀವನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 1946ರಲ್ಲಿ ಅವನು ಪ್ರಕಟಿಸಿದ ಸಣ್ಣದೊಂದು ಲೇಖನದಲ್ಲಿ ಅಳತೆಗಳನ್ನು ನಾಲ್ಕು ವರ್ಗಗಳಾಗಿ ಮಾಡಿದ. ಆ ವರ್ಗೀಕರಣದ ಮೇಲೆ ಟೀಕೆಗಳು ಬಂದಿವೆಯಾದರೂ ಅದು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ.

ಮೊದಲನೆಯದು ಕೇವಲ ಹೆಸರಿನ ಬದಲು ನಿಲ್ಲುವ ಅಂಕಿ. ಧೋನಿಯ ಅಂಗಿಯ ಮೇಲೆ 7, ಕೊಹ್ಲಿಯ ಅಂಗಿಯ ಮೇಲೆ 18 ಇದ್ದರೆ ಒಬ್ಬರಿಗಿಂತ ಇನ್ನೊಬ್ಬರು ಹನ್ನೊಂದು ಹೆಚ್ಚು ಎಂದು ಯಾರೂ ಹೇಳರು. ಎರಡನೆಯದು ಕ್ರಮವನ್ನು ಸೂಚಿಸುವ ಅಂಕಿ: ಒಂದನೆಯವನು, ಎರಡನೆಯವನು, ಮೂರನೆಯವನು. ಇಲ್ಲಿ ಯಾರು ಮುಂದೆ ಯಾರು ಹಿಂದೆ ಎಂದು ತಿಳಿಯುತ್ತದೆ, ಎಷ್ಟು ಹಿಂದೆ ಎಂದು ತಿಳಿಯದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ. ಟಿ. ಉಷಾ ನಾಲ್ಕನೆಯವರಾದರು. ಅವರ ಕಾಲ 55.42 ಸೆಕೆಂಡು, ಕಂಚಿನ ಪದಕ ಪಡೆದ ರುಮೇನಿಯಾದ ಓಟಗಾರ್ತಿಯದು 55.41. ಆ ವೇಗದಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲೆಂದರೆ ನೆಲದ ಮೇಲೆ ಸುಮಾರು ಏಳು ಸೆಂಟಿಮೀಟರು, ನಾಲ್ಕು ಬೆರಳಗಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ ನಾಲ್ಕನೆಯವರಾದಾಗ ಮೂರನೆಯ ಸ್ಥಾನಕ್ಕೆ ಅವರು ಕಡಿಮೆಯಾದುದು 0.150 ಅಂಕ. ಎರಡು ಕಡೆಯೂ ಬರೆದುಕೊಳ್ಳುವುದು "ನಾಲ್ಕು" ಎಂದೇ.

ಮೂರನೆಯ ವರ್ಗದಲ್ಲಿ ಅಂತರಗಳು ಸಮನಾಗಿರುತ್ತವೆ, ಆದರೆ ಸೊನ್ನೆ ಎಂಬುದು ನಾವು ಇಟ್ಟ ಗುರುತು ಮಾತ್ರ. ಉಷ್ಣಾಂಶ ಇದಕ್ಕೆ ಒಳ್ಳೆಯ ಉದಾಹರಣೆ. 40 ಡಿಗ್ರಿಯ ಮಧ್ಯಾಹ್ನ 20 ಡಿಗ್ರಿಯ ಮುಂಜಾವಿಗಿಂತ "ಎರಡರಷ್ಟು" ಬಿಸಿ ಎಂಬ ಮಾತಿಗೆ ಅರ್ಥವಿಲ್ಲ. ನಾಲ್ಕನೆಯದರಲ್ಲಿ ಸೊನ್ನೆಯೆಂದರೆ ನಿಜವಾಗಿಯೂ ಏನೂ ಇಲ್ಲ. ಕಾಲ, ದೂರ, ತೂಕಗಳೆಲ್ಲ ಇಲ್ಲಿ ಸೇರುತ್ತವೆ. ನಾಲ್ಕು ಕಿಲೋಮೀಟರು ಎರಡರ ಇಮ್ಮಡಿ ಎಂದು ಧೈರ್ಯವಾಗಿ ಹೇಳಬಹುದು.

ಇಷ್ಟು ವಿಂಗಡಣೆ ಏತಕ್ಕೆಂದು ವಾಚಕರು ಕೇಳಬಹುದು. ಕ್ರಿಕೆಟ್ ನೋಡುವವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಪತ್ರಿಕೆಯಲ್ಲಿ ಬೌಲರನೊಬ್ಬ 4.3 ಓವರು ಹಾಕಿದನೆಂದು ಅಚ್ಚಾಗಿರುತ್ತದೆ. ನೋಟಕ್ಕೆ ದಶಮಾಂಶವಾದರೂ ಅದು ದಶಮಾಂಶವಲ್ಲ, ನಾಲ್ಕು ಓವರು ಮತ್ತು ಮೂರು ಎಸೆತ, ಅಂದರೆ ನಾಲ್ಕೂವರೆ. ಈ 4.3 ರಿಂದ ಓಟಗಳನ್ನು ಭಾಗಿಸಿ ಸರಾಸರಿ ತೆಗೆದ ಹುಡುಗರ ಉತ್ತರಪತ್ರಿಕೆಗಳನ್ನು ನಾನು ಎಷ್ಟೋ ತಿದ್ದಿದ್ದೇನೆ.

ಹುಡುಗರು ಹಾಗಿರಲಿ, ದೊಡ್ಡವರೂ ಇದೇ ಹಳ್ಳಕ್ಕೆ ಬೀಳುವುದುಂಟು. 2017ರ ಸುಮಾರಿಗೆ ಭಾರತದ ಕ್ರಿಕೆಟ್ ತಂಡಕ್ಕೆ ಸೇರಬೇಕಾದರೆ ಯೊ-ಯೊ ಎಂಬ ಪರೀಕ್ಷೆಯಲ್ಲಿ 16.1 ಅಂಕ ಬರಬೇಕೆಂಬ ನಿಯಮ ಬಂದಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಈ ಪರೀಕ್ಷೆಗೆ ನಿಂತು ತೇರ್ಗಡೆಯಾಗದೆ ಹೆಸರಾಂತ ಆಟಗಾರರು ಮನೆಗೆ ಮರಳಿದ ಸುದ್ದಿಯನ್ನು ಆಗಿನ ಪತ್ರಿಕೆಗಳಲ್ಲಿ ಓದಿದ್ದೇವೆ. ಡೆನ್ಮಾರ್ಕಿನ ಬಾಂಗ್ಸ್‌ಬೊ ಎಂಬ ವಿದ್ವಾಂಸ ರೂಪಿಸಿದ ಈ ಪರೀಕ್ಷೆಯಲ್ಲಿ ಇಪ್ಪತ್ತು ಮೀಟರ್ ಅಂತರದ ಎರಡು ಗುರುತುಗಳ ನಡುವೆ ಯಂತ್ರದ ಬೀಪ್ ಸದ್ದಿಗೆ ಸರಿಯಾಗಿ ಹೋಗಿಬರಬೇಕು. ಪ್ರತಿ ಸಲ ಹೋಗಿಬಂದ ಮೇಲೆ ಹತ್ತು ಸೆಕೆಂಡು ವಿಶ್ರಾಂತಿ. ವೇಗ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. 16.1 ಎಂದರೆ ಹದಿನಾರನೆಯ ವೇಗದ ಮೆಟ್ಟಿಲಿನಲ್ಲಿ ಮೊದಲ ಹೋಗಿಬರುವಿಕೆ, ಒಟ್ಟು ಓಡಿದುದು 1,120 ಮೀಟರು. ಆ ಮೆಟ್ಟಿಲಿನಲ್ಲಿ ಎಂಟು ಸಲ ಓಡಿದರೆ 16.8, ಅನಂತರದ ಅಂಕ 17.1. ಈಗ ನೋಡಿರಿ: 16.1 ಕ್ಕೂ 16.8 ಕ್ಕೂ ನಡುವೆ 280 ಮೀಟರುಗಳ ವ್ಯತ್ಯಾಸ. ಆದರೆ 16.8 ಕ್ಕೂ 17.1 ಕ್ಕೂ ನಡುವೆ ಬರೀ 40 ಮೀಟರು. ಈ ಅಂಕಗಳನ್ನು ಹಾಗೆಯೇ ಕೂಡಿಸಿ ತಂಡದ ಸರಾಸರಿ ತೆಗೆದರೆ ಅದು ಮನೆಯ ನಂಬರುಗಳನ್ನು ಕೂಡಿಸಿದಂತೆಯೇ ಸರಿ. ಮೀಟರುಗಳಿಗೆ ಪರಿವರ್ತಿಸಿಕೊಂಡ ಮೇಲೆ ಮಾತ್ರ ಗಣಿತ ಮಾಡಬೇಕು.

ಇನ್ನು ಆಟಗಾರನ ಬಾಯಿಂದಲೇ ಪಡೆಯುವ ಅಂಕಿಗಳ ವಿಷಯ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬಾತ "ನಿನಗೆ ಎಷ್ಟು ಕಷ್ಟವೆನಿಸುತ್ತಿದೆ?" ಎಂದು ಕೇಳಿ 6 ರಿಂದ 20ರ ವರೆಗೆ ಒಂದು ಅಂಕಿಯನ್ನು ಹೇಳಿಸುವ ಪದ್ಧತಿಯನ್ನು ತಂದ. ಆರರಿಂದ ಏಕೆ ಆರಂಭ ಎಂದರೆ, ಆರೋಗ್ಯವಂತ ತರುಣನಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತ ಸ್ಥೂಲವಾಗಿ ದೊರೆಯಲಿ ಎಂಬ ಎಣಿಕೆ. ಯಂತ್ರವಿಲ್ಲದ ಅಳತೆ ಎಂದು ಇದನ್ನು ಹಗುರವಾಗಿ ಕಾಣಬಾರದು. ರಕ್ತದೊತ್ತಡಕ್ಕಾಗಿ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರಲ್ಲಿ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಅಂತಹವರಿಗೆ ಕೈಗಡಿಯಾರದ ಅಂಕಿಗಿಂತ "ಮಾತನಾಡುತ್ತ ನಡೆಯಬಲ್ಲೆನೇ, ಉಸಿರು ಕಟ್ಟುತ್ತದೆಯೇ" ಎಂಬ ಸ್ವಂತ ಅನುಭವವೇ ಹೆಚ್ಚು ನಂಬಿಕೆಗೆ ಅರ್ಹ.

ಮಾಟುಂಗಾದ ಹೂವಿನ ಮೊಳ

ಅಳತೆಯ ಗುಣವನ್ನು ಕುರಿತು ಶಾಸ್ತ್ರಕಾರರು ಎರಡು ಮಾತುಗಳನ್ನು ಮುಖ್ಯವಾಗಿ ಹೇಳುತ್ತಾರೆ: ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಬಿ.ಎಡ್. ಓದಿದವರು ಪರೀಕ್ಷೆಗಾಗಿ ಇವನ್ನು ಬಾಯಿಪಾಠ ಮಾಡಿರುತ್ತಾರೆ. ನನಗೆ ಇವೆರಡರ ಭೇದ ಮನಸ್ಸಿಗೆ ಹತ್ತಿದುದು ಮಾಟುಂಗಾದ ಹೂವಿನ ಸಾಲಿನಲ್ಲಿ. ಅಲ್ಲಿ ಮೊಳ ಹಾಕಿ ಮಲ್ಲಿಗೆ ಮಾರುವವರಲ್ಲಿ ಒಬ್ಬಾಕೆಯ ತೋಳು ಗಿಡ್ಡ. ಎಂದು ಹೋದರೂ ಆಕೆಯ ಮೊಳ ಅಷ್ಟೇ ಗಿಡ್ಡ, ಒಂದು ಮಲ್ಲಿಗೆ ಮೊಗ್ಗು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಕೆಯ ಅಳತೆ ವಿಶ್ವಸನೀಯ, ಆದರೆ ಸಪ್ರಮಾಣವಲ್ಲ. ಪಕ್ಕದವನ ಮೊಳ ಗಿರಾಕಿಯ ಮುಖ ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ. ವರ್ಷದ ಸರಾಸರಿ ತೆಗೆದರೆ ಅವನದು ಸರಿಯಾದ ಮೊಳವೇ ಇರಬಹುದು, ಆದರೆ ಇವತ್ತು ಕೈಗೆ ಬಂದ ಮಾಲೆಯ ಉದ್ದವನ್ನು ನಂಬುವಂತಿಲ್ಲ. ಮೊದಲಿನಾಕೆಯ ತಪ್ಪನ್ನು ಒಮ್ಮೆ ಕಂಡುಹಿಡಿದರೆ ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದು. ಎರಡನೆಯವನ ತಪ್ಪಿಗೆ ಹಲವು ಸಲ ಅಳೆದು ನೋಡುವುದೊಂದೇ ಮದ್ದು.

ಕೈಗಡಿಯಾರದ ಕಾಲಮಾಪನ ಮೊದಲ ಬಗೆಯ ತಪ್ಪಿಗೆ ಸೇರಿದ್ದು. ಆರಂಭದ ಸಂಕೇತ ಕಂಡು ಬೆರಳು ಒತ್ತುವ ಹೊತ್ತಿಗೆ ಸೆಕೆಂಡಿನ ಸುಮಾರು ಐದನೆಯ ಒಂದು ಪಾಲು ಕಳೆದಿರುತ್ತದೆ. ಓಟದ ಕೊನೆಯಲ್ಲಿಯಾದರೋ ಓಟಗಾರ ಬರುತ್ತಿರುವುದನ್ನು ಮೊದಲೇ ನೋಡುತ್ತಿರುವುದರಿಂದ ಬೆರಳು ತಡಮಾಡುವುದಿಲ್ಲ. ಆದುದರಿಂದ ಕೈಯಿಂದ ಅಳೆದ ಕಾಲ ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ಹೋಲಿಸಬೇಕಾದಾಗ 100 ಮತ್ತು 200 ಮೀಟರುಗಳ ಕೈಕಾಲಕ್ಕೆ 0.24, ನಾನೂರಕ್ಕೆ 0.14 ಸೆಕೆಂಡು ಸೇರಿಸುವ ಪದ್ಧತಿ ಇದರಿಂದಲೇ ಬಂದುದು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾಗಿ ಮುಗಿಸಿದ ಆ 400 ಮೀಟರ್ ಓಟವನ್ನು ನಮ್ಮ ಪೀಳಿಗೆಯವರು ಮರೆಯುವಂತಿಲ್ಲ. ಅಧಿಕೃತವಾಗಿ ದಾಖಲಾದ ಕೈಗಡಿಯಾರದ ಕಾಲ 45.6. ಅಂದು ವಿದ್ಯುತ್ ಯಂತ್ರವೂ ಅಲ್ಲಿತ್ತು, ಅದರ ಲೆಕ್ಕದಲ್ಲಿ 45.73. ಮೇಲೆ ಹೇಳಿದ 0.14 ನ್ನು 45.6 ಕ್ಕೆ ಕೂಡಿಸಿ ನೋಡಿರಿ, ಎಷ್ಟು ಹತ್ತಿರ ಬರುತ್ತದೆ! ಮುಂದೆ 1998ರಲ್ಲಿ ಕಲಕತ್ತೆಯಲ್ಲಿ ಪರಮ್‌ಜಿತ್ ಸಿಂಗ್ 45.70 ರಲ್ಲಿ ಓಡಿ ಆ ಮೂವತ್ತೆಂಟು ವರ್ಷದ ರಾಷ್ಟ್ರೀಯ ದಾಖಲೆಯನ್ನು ಮುರಿದಾಗ, 45.6 ಕ್ಕಿಂತ 45.70 ಹೆಚ್ಚಲ್ಲವೇ, ದಾಖಲೆ ಮುರಿದದ್ದು ಹೇಗೆ ಎಂದು ನನ್ನನ್ನು ಕೇಳಿದವರು ಹಲವರು. ಎರಡೂ ಬೇರೆ ಬೇರೆ ಮೊಳಗಳು ಎಂಬುದೇ ಉತ್ತರ. 1977ರಿಂದ ಈಚೆಗೆ 400 ಮೀಟರಿನವರೆಗಿನ ಓಟಗಳ ವಿಶ್ವದಾಖಲೆಗೆ ವಿದ್ಯುತ್ ಕಾಲಮಾಪನವೊಂದೇ ಸಲ್ಲುತ್ತದೆ.

ಹಾಗೆಂದು ಯಂತ್ರ ತೋರಿಸುವ ಅಂಕಿಗಳನ್ನೆಲ್ಲ ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮಿಡ್ಲೆ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕೀ ಇಬ್ಬರ ಕಾಲವೂ 4 ನಿಮಿಷ 31.98 ಸೆಕೆಂಡು. ಯಂತ್ರ ಸಾವಿರದ ಪಾಲನ್ನೂ ಅಳೆಯಬಲ್ಲುದಾದ್ದರಿಂದ ಅಧಿಕಾರಿಗಳು ಅದನ್ನೇ ನೋಡಿದರು. ಒಬ್ಬನದು 31.981, ಮತ್ತೊಬ್ಬನದು 31.983. ಲಾರ್ಸನ್‌ಗೆ ಚಿನ್ನ, ಮೆಕೀಗೆ ಬೆಳ್ಳಿ. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಎರಡು ಪಾಲಿಗೆ ಈಜುಗಾರ ಚಲಿಸುವುದು ಸುಮಾರು ಮೂರು ಮಿಲಿಮೀಟರು. ಆದರೆ ಐವತ್ತು ಮೀಟರಿನ ಈಜುಕೊಳವನ್ನು ಕಟ್ಟುವಾಗ ಪ್ರತಿ ಸಾಲಿನ ಉದ್ದದಲ್ಲಿ ಕೆಲವು ಸೆಂಟಿಮೀಟರು ಹೆಚ್ಚಿದ್ದರೂ ನಿಯಮ ಒಪ್ಪುತ್ತದೆ. ಸಿಮೆಂಟಿನ ಗೋಡೆಯನ್ನು ಅದಕ್ಕಿಂತ ನಿಖರವಾಗಿ ಕಟ್ಟುವುದು ಗಾರೆಯವರಿಂದ ಆಗದ ಕೆಲಸ. ಹಾಗಿರುವಾಗ ಮೂರು ಮಿಲಿಮೀಟರು ಮುಂದಿದ್ದವನು ನಿಜವಾಗಿ ವೇಗವಾಗಿ ಈಜಿದನೋ ಅವನ ಪಾಲಿಗೆ ಬಂದ ಸಾಲು ಕೂದಲೆಳೆಯಷ್ಟು ಗಿಡ್ಡವಾಗಿತ್ತೋ ಹೇಳಬಲ್ಲವರು ಯಾರು? ಅನಂತರ ಈಜಿನಲ್ಲಿ ನೂರನೆಯ ಪಾಲಿಗಿಂತ ಮುಂದೆ ಎಣಿಸುವುದನ್ನು ಬಿಟ್ಟರು. ಈಗ ಕಾಲ ಸಮನಾದರೆ ಪದಕವೂ ಸಮ. ಆದರೆ ಮೆಕೀಯ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು.

ಗಾಳಿಯ ಕಥೆ ಇನ್ನೂ ವಿಚಿತ್ರವಾದುದು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ 100 ಮೀಟರ್ ಓಟದ ದಾಖಲೆ ಸಲ್ಲುವುದಿಲ್ಲ. 1988ರ ಜುಲೈಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಸೆಕೆಂಡಿನಲ್ಲಿ ಓಡಿದಾಗ ಗಾಳಿಮಾಪಕ ತೋರಿಸಿದ್ದು 0.0. ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ತ್ರಿವಿಧ ಜಿಗಿತದ ಮಾಪಕ 4.3 ತೋರಿಸುತ್ತಿತ್ತು. ಒಂದು ಮೈದಾನದಲ್ಲಿ ಬಿರುಗಾಳಿ, ಅದರ ಮಗ್ಗುಲಿಗೇ ಎಲೆಯೂ ಅಲುಗದ ನಿಶ್ಶಬ್ದ! ಮಾಪಕ ಕೆಟ್ಟಿತ್ತೆಂದು ಅಧ್ಯಯನ ಮಾಡಿದ ವಿಜ್ಞಾನಿಗಳು ವಾದಿಸಿದ್ದಾರೆ. ದಾಖಲೆ ಮಾತ್ರ ಪುಸ್ತಕದಿಂದ ಅಳಿದಿಲ್ಲ.

ನಮ್ಮ ಮಣಿಕಟ್ಟಿನ ಮೇಲೆ

ಒಲಿಂಪಿಕ್ಸ್ ನಮಗೆ ದೂರದ ಮಾತಾಯಿತು. ಆದರೆ ಇಂದು ಬೆಳಿಗ್ಗೆ ಶಿವಾಜಿ ಪಾರ್ಕಿನಲ್ಲಿ ಸುತ್ತು ಹಾಕುವ ನಮ್ಮವರಲ್ಲಿ ಅರ್ಧ ಮಂದಿ ಮಣಿಕಟ್ಟಿನಲ್ಲಿ ಒಂದು ಪ್ರಯೋಗಶಾಲೆಯನ್ನೇ ಕಟ್ಟಿಕೊಂಡಿರುತ್ತಾರೆ. ಅದು ಹೇಳುವ ಅಂಕಿಗಳನ್ನು ವೈದ್ಯರ ಮಾತಿಗಿಂತ ಹೆಚ್ಚಾಗಿ ನಂಬುವವರೂ ಉಂಟು. ಆದುದರಿಂದ ಎರಡು ಮಾತು ಹೇಳುವುದು ಅವಶ್ಯ.

"ವ್ಯಾಯಾಮದಲ್ಲಿ ನಾಡಿಬಡಿತದ ಗರಿಷ್ಠ ಮಿತಿ 220 ರಿಂದ ವಯಸ್ಸನ್ನು ಕಳೆದಷ್ಟು" ಎಂಬ ಸೂತ್ರವನ್ನು ಎಲ್ಲರೂ ಕೇಳಿದ್ದಾರೆ. 1971ರ ಒಂದು ಲೇಖನದಿಂದ ಇದು ಪ್ರಚಾರಕ್ಕೆ ಬಂದಿತು. ಆ ಲೇಖಕರು ಬೇರೆ ಬೇರೆ ಕಡೆಯ ಅಂಕಿಗಳನ್ನು ಒಟ್ಟಿಗೆ ಇಟ್ಟು, ಅವುಗಳ ನಡುವೆ ಕಣ್ಣಂದಾಜಿನಲ್ಲಿ ಹಾಯುವಂತಹ ಒಂದು ಗೆರೆಯನ್ನು ಸೂಚಿಸಿದ್ದರೇ ಹೊರತು ಅದಕ್ಕೆಂದೇ ಪ್ರಯೋಗ ನಡೆಸಿರಲಿಲ್ಲ. 2001ರಲ್ಲಿ ತನಾಕಾ ಎಂಬವರು ಮತ್ತು ಅವರ ಸಂಗಡಿಗರು ಬಹುಸಂಖ್ಯೆಯ ಅಧ್ಯಯನಗಳನ್ನು ಕಲೆಹಾಕಿ ಕೊಟ್ಟ ಸೂತ್ರ ಬೇರೆ: ವಯಸ್ಸನ್ನು 0.7 ರಿಂದ ಗುಣಿಸಿ 208 ರಿಂದ ಕಳೆಯಬೇಕು. ನಲವತ್ತರಲ್ಲಿ ಎರಡೂ 180 ಎನ್ನುತ್ತವೆ. ಅರವತ್ತರಲ್ಲಿ ಹಳೆಯದು 160 ಎಂದರೆ ಹೊಸದು 166 ಎನ್ನುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಒಂದೇ ವಯಸ್ಸಿನ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ಅಳೆದರೆ ಅವರವರಲ್ಲೇ ಹತ್ತು ಬಡಿತ ಮೇಲೆ, ಹತ್ತು ಬಡಿತ ಕೆಳಗೆ ಇರುವುದು ತೀರ ಸಾಮಾನ್ಯ. ನನ್ನ ಪರಿಚಯದ ನಿವೃತ್ತ ಬ್ಯಾಂಕು ಅಧಿಕಾರಿಯೊಬ್ಬರು ಗಡಿಯಾರ "ಮಿತಿ ಮೀರಿತು" ಎಂದು ಮಣಿಕಟ್ಟಿನಲ್ಲಿ ಗುರುಗುಟ್ಟಿದ್ದಕ್ಕೆ ಹೆದರಿ ನಡಿಗೆಯನ್ನೇ ನಿಲ್ಲಿಸಿದರು. ಆರು ತಿಂಗಳಲ್ಲಿ ಸಕ್ಕರೆ ಏರಿತು. ವೈದ್ಯರು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ ಹೃದಯದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಕಳೆಯುವ ಲೆಕ್ಕವನ್ನು ನಂಬಿದುದರಲ್ಲಿ. ಹಾಗೆಂದು ಎದೆನೋವು, ತಲೆಸುತ್ತು, ಉಸಿರುಗಟ್ಟುವಿಕೆ ಬಂದಾಗ ಗಡಿಯಾರ ಎಲ್ಲ ಸರಿಯಿದೆ ಎಂದರೂ ನಿಲ್ಲಲೇಬೇಕು, ವೈದ್ಯರಲ್ಲಿಗೆ ಹೋಗಲೇಬೇಕು.

ಮಣಿಕಟ್ಟಿನ ಗಡಿಯಾರ ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ರಕ್ತ ತುಂಬಿ ಇಳಿಯುವುದನ್ನು ನೋಡಿ ನಾಡಿಯನ್ನು ಎಣಿಸುತ್ತದೆ. ಕುಳಿತಿರುವಾಗ ಅದು ಚೆನ್ನಾಗಿಯೇ ಎಣಿಸುತ್ತದೆ. ಕೈ ಬೀಸುತ್ತ ಓಡುವಾಗ, ಪಟ್ಟಿ ಸಡಿಲವಾಗಿರುವಾಗ ತಪ್ಪುತ್ತದೆ. ವಿಶ್ರಾಂತಿಯ ನಾಡಿಬಡಿತವನ್ನು ತಿಳಿಯಬೇಕೆಂಬವರು ಬೆಳಿಗ್ಗೆ ಎದ್ದೊಡನೆ, ಕಾಫಿಗೆ ಮುಂಚೆ, ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸುವುದು ಮೇಲು. ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ಆರು ಬಡಿತಗಳ ತಪ್ಪಾಗುತ್ತದೆ. ಒಂದು ದಿನದ ಅಂಕಿ ಬೇಡ, ಒಂದು ವಾರದ್ದನ್ನು ಬರೆದಿಡಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳ ವ್ರತದ ಮೂಲವನ್ನು ಕೇಳಿದರೆ ವಾಚಕರಿಗೆ ನಗು ಬಂದೀತು. 1964ರ ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರು "ಮಾನ್‌ಪೊ-ಕೇ", ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರೇ ಮಂತ್ರವಾಯಿತು. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಎಣಿಸಿದರು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿ 2,700 ನಡೆದವರಿಗಿಂತ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. ಸುಮಾರು 7,500ರ ಅನಂತರ ಹೆಚ್ಚಿನ ಇಳಿಕೆ ಕಾಣಲಿಲ್ಲ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ನಡೆದುದರಿಂದ ಆರೋಗ್ಯವೋ, ಆರೋಗ್ಯವಿದ್ದುದರಿಂದ ನಡೆದರೋ ಎಂಬುದನ್ನು ಇಂತಹ ಎಣಿಕೆ ಪೂರ್ತಿಯಾಗಿ ಬಿಡಿಸಿ ಹೇಳಲಾರದು. ಆದರೂ ಮಂಡಿನೋವಿನ ಅಜ್ಜಿಯರಿಗೆ ಹತ್ತು ಸಾವಿರದ ಶಿಕ್ಷೆ ಕೊಡಬೇಕಾಗಿಲ್ಲ ಎಂಬಷ್ಟು ಧೈರ್ಯವನ್ನು ಅದು ಕೊಡುತ್ತದೆ.

ಮುಂಬಯಿ ಮ್ಯಾರಥಾನ್ ಓಡಿ ಬಂದ ನಮ್ಮ ಹುಡುಗರು ಪ್ರತಿ ಜನವರಿಯಲ್ಲೂ ತರುವ ದೂರು ಒಂದೇ: "ದಾರಿಯನ್ನು ಸರಿಯಾಗಿ ಅಳೆದಿಲ್ಲ, ನನ್ನ ಗಡಿಯಾರದಲ್ಲಿ 42.8 ಕಿಲೋಮೀಟರು ಬಂದಿದೆ." ಮ್ಯಾರಥಾನಿನ ದಾರಿಯನ್ನು ಅಳೆಯುವುದು ಚಕ್ರಕ್ಕೆ ಎಣಿಕೆಯ ಸಾಧನ ಕಟ್ಟಿದ ಸೈಕಲ್ಲಿನಿಂದ. ಉಕ್ಕಿನ ಟೇಪಿನಿಂದ ಅಳೆದ ದೂರದ ಮೇಲೆ ಅದನ್ನು ಮೊದಲು ಓಡಿಸಿ ತಾಳೆ ನೋಡಿ, ಬಳಿಕ ತಿರುವುಗಳಲ್ಲಿ ಅಂಚಿಗೆ ಅಂಟಿಕೊಂಡು ಅತಿ ಹತ್ತಿರದ ದಾರಿಯಲ್ಲಿ ತುಳಿಯುತ್ತಾರೆ. ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ, ಅಂದರೆ 42 ಮೀಟರು, ಹೆಚ್ಚಾಗಿಯೇ ಇಡುತ್ತಾರೆ. ನಮ್ಮ ಹುಡುಗರು ಆ ಗೆರೆಯ ಮೇಲೆ ಓಡುವುದಿಲ್ಲ. ಜನರನ್ನು ದಾಟುತ್ತ, ನೀರಿನ ಮೇಜಿಗೆ ಹೋಗುತ್ತ ಅಡ್ಡಾದಿಡ್ಡಿಯಾಗಿ ಓಡುತ್ತಾರೆ. ಅದರ ಮೇಲೆ ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಪ್ರತಿಫಲಿಸಿ ಗಡಿಯಾರಕ್ಕೆ ದಿಕ್ಕು ತಪ್ಪುತ್ತದೆ.

ಯಾರನ್ನು ಅಳೆದು ಮಾಡಿದ ಸೂತ್ರ ಎಂಬ ಪ್ರಶ್ನೆಯೂ ಉಂಟು. ಹನ್ನೆರಡು ನಿಮಿಷ ಓಡಿದ ದೂರದಿಂದ ದೇಹದ ಆಮ್ಲಜನಕ ಬಳಕೆಯ ಶಕ್ತಿಯನ್ನು ಅಂದಾಜು ಮಾಡುವ ಕೂಪರ್ ಪರೀಕ್ಷೆ ನಮ್ಮ ಶಾಲೆಗಳಲ್ಲಿಯೂ ಬಳಕೆಯಲ್ಲಿದೆ. 1968ರಲ್ಲಿ ಕೆನೆತ್ ಕೂಪರ್ ಅದನ್ನು ರೂಪಿಸಿದ್ದು ಅಮೆರಿಕದ ವಾಯುದಳದ 115 ಗಂಡಸರನ್ನು ಪರೀಕ್ಷಿಸಿ. ಪ್ರಯೋಗಶಾಲೆಯ ಅಳತೆಗೂ ಓಟದ ದೂರಕ್ಕೂ ಚೆನ್ನಾದ ಹೊಂದಿಕೆ ಇತ್ತು ಎಂಬುದು ನಿಜ. ಆದರೆ ಅದೇ ಸೂತ್ರ ಹನ್ನೆರಡು ವರ್ಷದ ಹುಡುಗಿಗೂ ಐವತ್ತೈದರ ಗುಮಾಸ್ತನಿಗೂ ಹಾಗೆಯೇ ಹೊಂದುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ದೇಹದ್ರವ್ಯ ಸೂಚ್ಯಂಕದಲ್ಲಿಯೂ ಹೀಗೆಯೇ ಆಯಿತು. ಪಾಶ್ಚಾತ್ಯರಿಗೆ ಅತಿತೂಕದ ಗಡಿ 25 ಆದರೆ, ಅಷ್ಟೇ ಸೂಚ್ಯಂಕದಲ್ಲಿ ನಮ್ಮವರ ಹೊಟ್ಟೆಯ ಕೊಬ್ಬು ಹೆಚ್ಚೆಂದು ಕಂಡುಬಂದು ಭಾರತೀಯರಿಗೆ 23 ಎಂದು ಇಳಿಸಬೇಕಾಯಿತು. ಎತ್ತರವನ್ನು ಅಳೆಯುವಾಗಲೂ ಹೊತ್ತನ್ನು ನೋಡಬೇಕು. ಬೆನ್ನೆಲುಬಿನ ನಡುವಣ ಮೆತ್ತೆಗಳು ದಿನವೆಲ್ಲ ಅಮುಕಿ, ಬೆಳಿಗ್ಗೆಗಿಂತ ಸಂಜೆಗೆ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗುತ್ತಾನೆ. ಮಕ್ಕಳನ್ನು ಕ್ರೀಡಾ ಆಯ್ಕೆಗೆ ಕರೆದೊಯ್ಯುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಇನ್ನು ಆ ಹುಡುಗಿಯ ವಿಷಯ. ಮರುಭಾನುವಾರ ವಡಾಳಾದಲ್ಲಿದ್ದ ಅವರ ಮನೆಗೆ ಹೋದೆ. ಕುಂದಾಪುರದ ಕಡೆಯವರು, ತಂದೆ ಹೋಟೆಲೊಂದರಲ್ಲಿ ಗಲ್ಲದ ಮೇಲೆ ಕೂರುವವರು. ನಡೆದುದನ್ನು ಹೇಳಿ ತಪ್ಪು ನನ್ನದೆಂದು ಒಪ್ಪಿಕೊಂಡೆ. "ಹೋಗಲಿ ಬಿಡಿ ಮಾಷ್ಟ್ರೇ, ಮಕ್ಕಳ ಆಟ" ಎಂದರು ತಾಯಿ. ಹುಡುಗಿ ಮಾತ್ರ ಬಾಗಿಲ ಬಳಿ ನಿಂತು, "ಹಾಗಾದರೆ ನನ್ನ 15.1 ಸರಿಯಲ್ಲವಾ ಮಾಷ್ಟ್ರೇ? ಶಾಲೆಯಲ್ಲಿ ಹೇಳಬಹುದಲ್ಲ?" ಎಂದು ಕೇಳಿದಳು. ಹೇಳಬಹುದು ಎಂದೆ. ರೈಲಿನಲ್ಲಿ ಹಿಂದಿರುಗುವಾಗ ನೆನಪಾಯಿತು, ಆ ದಿನ ಮೈದಾನದ ನೂರು ಮೀಟರನ್ನು ಸ್ವಯಂಸೇವಕನೊಬ್ಬ ಹೆಜ್ಜೆ ಹಾಕಿ ಗುರುತು ಮಾಡಿದ್ದ. ಆ ವಾರವೇ ಉಕ್ಕಿನ ಟೇಪೊಂದನ್ನು ಕೇಳಿ ತಂದು ಅಳೆದೆ. ಸುಣ್ಣದ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಗೆರೆಯಿಂದ ಗೆರೆಗೆ 96 ಮೀಟರು 40 ಸೆಂಟಿಮೀಟರು.

ಮತ್ತೆ ಹೋಗಿ ಹೇಳಬೇಕಾಯಿತು. ಅವಳು ಪುಸ್ತಕ ತಂದು ತ್ರೈರಾಶಿ ಹಾಕಿ, "15.66" ಎಂದಳು. ಕೊನೆಯ ಮೂರೂವರೆ ಮೀಟರನ್ನು ಮೊದಲಿನ ಮೀಟರುಗಳ ಸರಾಸರಿ ವೇಗದಲ್ಲೇ ಯಾರೂ ಓಡುವುದಿಲ್ಲವಾದ್ದರಿಂದ ಆ ಲೆಕ್ಕವೂ ಪೂರ್ತಿ ಸರಿಯಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಓಡಿಯೇ ನೋಡುವ" ಎಂದಳು.

ಟೇಪು ಹಿಡಿದು ನೂರು ಮೀಟರು ಅಳೆದು, ಮೂರು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದೇ ಮೈದಾನದಲ್ಲಿ ಓಡಿಸಿದೆವು. ತಂದೆ ಹೋಟೆಲಿನ ಬಿಳಿ ಟವೆಲನ್ನು ಬಾವುಟ ಮಾಡಿಕೊಂಡು ಆ ತುದಿಯಲ್ಲಿ ನಿಂತರು. ನಾನು ಕಿವಿಯನ್ನು ಮರೆತು ಟವೆಲನ್ನೇ ನೋಡುತ್ತ ಈ ತುದಿಯಲ್ಲಿ ನಿಂತೆ. ಮೊದಲ ವಾರ 15.6, ಎರಡನೆಯ ವಾರ 15.4, ಮೂರನೆಯ ವಾರ 15.5. ಯಾವುದನ್ನು ಶಾಲೆಯಲ್ಲಿ ಹೇಳುತ್ತೀ ಎಂದು ಕೇಳಿದೆ. ಅವಳು ಮೂರನ್ನೂ ದಿನಾಂಕ ಹಾಕಿ ಬರೆದುಕೊಂಡಳು.